ಬಾತು ಬೇಟೆಗೆ ಎಷ್ಟು ಉದ್ದದ ನಳಿಗೆ? ನನ್ನ ತಲೆ ಕೆಡಿಸಿದ 28 ಇಂಚು

ನಾನಿರುವುದು ಕ್ಯಾಲಿಫೋರ್ನಿಯಾದಲ್ಲಿ. ಇಲ್ಲಿನ ಸ್ಯಾಕ್ರಮೆಂಟೊ ಕಣಿವೆಯಲ್ಲಿ ಭತ್ತದ ಕೊಯ್ಲು ಮುಗಿದ ಮೇಲೆ ಗದ್ದೆಗೆ ನೀರು ಬಿಡುತ್ತಾರೆ. ಚಳಿಗಾಲಕ್ಕೆ ಸೂಜಿಬಾಲದ ಬಾತುಗಳು ಬಂದು ಇಳಿಯುವುದು ಆ ನೀರಿಗೇ. ಇದೇ ಬಾತು ನಮ್ಮೂರ ಕೆರೆಗಳಿಗೂ ಬರುತ್ತದೆ, ಆದರೆ 1972ರ ವನ್ಯಜೀವಿ ಕಾಯ್ದೆ ಇರುವುದರಿಂದ ಅಲ್ಲಿ ನೋಡುವುದಷ್ಟೇ. ಇಲ್ಲಿ ಪರೀಕ್ಷೆ ಪಾಸಾಗಿ, ಲೈಸೆನ್ಸು, ಬಾತು ಬೇಟೆಗೆ ದುಡ್ಡು ಕಟ್ಟಿ ಪಡೆಯುವ ಸ್ಟ್ಯಾಂಪು ಎಲ್ಲ ಮಾಡಿಸಿ ಆಯ್ತು. ಕೋವಿ ಕೊಳ್ಳಲು ಹೋದಾಗ ಸಿಕ್ಕಿಹಾಕಿಕೊಂಡೆ. 26 ಇಂಚೋ, 28 ಇಂಚೋ?

ಮೊದಲು ನನ್ನ ತಲೆಯಲ್ಲಿದ್ದ ತಪ್ಪು. ನಳಿಗೆ ಉದ್ದ ಇದ್ದಷ್ಟೂ ಈಡು ದೂರ ಹೋಗುತ್ತದೆ ಅಂದುಕೊಂಡಿದ್ದೆ. ಊರಲ್ಲಿ ಕೇಪಿನ ಕೋವಿ ನೋಡಿದವರು ಯಾರಾದರೂ ಹಾಗೇ ಹೇಳುತ್ತಾರೆ, ಅದು ಸುಳ್ಳೂ ಅಲ್ಲ. ಆ ಕಪ್ಪು ಮದ್ದು ಉರಿದು ಪೂರ್ತಿ ತಳ್ಳುವುದಕ್ಕೆ ಉದ್ದ ನಳಿಗೆ ಬೇಕಿತ್ತು. ಈಗಿನ ತೋಟಾದ ಮದ್ದು ಹೆಚ್ಚುಕಮ್ಮಿ ಮೊದಲ 20 ಇಂಚಿನೊಳಗೇ ತನ್ನ ಕೆಲಸ ಮುಗಿಸಿಬಿಡುತ್ತದೆ. ಆಮೇಲೆ ಇಂಚಿಗೆ ಸೆಕೆಂಡಿಗೆ 5ರಿಂದ 10 ಅಡಿ ವೇಗ ಸಿಕ್ಕರೆ ಹೆಚ್ಚು.

ಲೆಕ್ಕ ಹಾಕೋಣ. 2 ಇಂಚಿಗೆ 15 ಅಡಿ ಅಂತ ಹಿಡಿಯಿರಿ. ಉಕ್ಕಿನ ಚರೆ (ತೋಟಾದೊಳಗಿನ ಸಣ್ಣ ಗುಂಡುಗಳು) ನಳಿಗೆ ಬಿಡುವಾಗ ಸೆಕೆಂಡಿಗೆ 1,450 ಅಡಿ ವೇಗದಲ್ಲಿದ್ದರೆ ಇದು ಶೇ. 1. 40 ಗಜ ದೂರ ಮುಟ್ಟಲು ಚರೆಗೆ ಸುಮಾರು 0.12 ಸೆಕೆಂಡು ಬೇಕು. ಗಂಟೆಗೆ 40 ಮೈಲಿಯಲ್ಲಿ ಅಡ್ಡ ಹಾರುವ ಬಾತು ಅಷ್ಟರಲ್ಲಿ 7 ಅಡಿ ಮುಂದೆ ಹೋಗಿರುತ್ತದೆ. ಆ 7 ಅಡಿಯಲ್ಲಿ ಶೇ. 1 ಅಂದರೆ ಒಂದು ಇಂಚೂ ಇಲ್ಲ! ಅಷ್ಟು ದೂರದಲ್ಲಿ ಚರೆ ಹರಡುವ ಗುಂಪನ್ನು 30 ಇಂಚಿನ ವೃತ್ತ ಹಾಕಿ ಅಳೆಯುತ್ತಾರೆ. ಅದರಲ್ಲಿ ಈ ಒಂದು ಇಂಚು ಎಲ್ಲಿ ಹೋಯಿತು ಅಂತ ಹುಡುಕಿದರೂ ಸಿಗುವುದಿಲ್ಲ.

ಹರಡುವುದನ್ನು ನಿರ್ಧರಿಸುವುದು ನಳಿಗೆಯ ಬಾಯನ್ನು ತುಸು ಕಿರಿದು ಮಾಡುವ ಚೋಕು, ಉದ್ದ ಅಲ್ಲ. ಅಮೆರಿಕದಲ್ಲಿ 1991ರಿಂದ ನೀರುಹಕ್ಕಿಗೆ ಸೀಸದ ಚರೆ ಇಲ್ಲವೇ ಇಲ್ಲ. ಉಕ್ಕಿನ ಚರೆ ಸೀಸಕ್ಕಿಂತ ಒತ್ತಾಗಿ ಹೋಗುತ್ತದೆ, ಹಾಗಾಗಿ ಮಧ್ಯಮ ಬಿಗಿಯ ಮಾಡಿಫೈಡ್ ಚೋಕಿನಿಂದ ಶುರು ಮಾಡಿ. ಚೋಕಿನ ಬಗ್ಗೆ ಇಷ್ಟು ಸಾಕು.

ಈಗ ನಾನು ನಿಜವಾಗಿ ಮುಗ್ಗರಿಸಿದ ಜಾಗ. ಅಂಗಡಿಯಲ್ಲಿ ಎರಡು ಕೋವಿ ಪಕ್ಕಪಕ್ಕ ಇಟ್ಟರು. ಒಂದು ಸೆಮಿ ಆಟೊ, ಅಂದರೆ ಈಡು ಹೊಡೆದ ಮೇಲೆ ಮುಂದಿನ ತೋಟಾ ತಾನೇ ತುಂಬಿಕೊಳ್ಳುವುದು, ಇನ್ನೊಂದು ಮೇಲೆ ಕೆಳಗೆ ಜೋಡು ನಳಿಗೆಯದು. ಎರಡರ ಮೇಲೂ 28 ಅಂತಲೇ ಕೆತ್ತಿತ್ತು. ಆದರೆ ಒಂದರ ಬಾಯಿ ಇನ್ನೊಂದಕ್ಕಿಂತ ನಾಲ್ಕು ಬೆರಳು ಮುಂದಿದೆ! ಯಾರೋ ತಪ್ಪಾಗಿ ಕೆತ್ತಿದ್ದಾರೆ ಅಂದುಕೊಂಡು ಟೇಪು ಕೇಳಿದೆ. ಜೋಡು ನಳಿಗೆಯದು ತುದಿಯಿಂದ ತುದಿಗೆ ಸುಮಾರು 45 ಇಂಚು, ಸೆಮಿ ಆಟೊ 49ರ ಹತ್ತಿರ. ಯಾಕೆ ಹೀಗೆ? ನಳಿಗೆಯ ಉದ್ದ ಅಂದರೆ ಅದರ ಹಿಂಬದಿ ಮುಚ್ಚುವ ಬೋಲ್ಟಿನ ಮುಖದಿಂದ ಬಾಯಿಯವರೆಗೆ ಮಾತ್ರ. ಅಳೆಯುವ ರೀತಿ ಸುಲಭ: ಕೋವಿ ಖಾಲಿ ಅಂತ ಎರಡು ಸಲ ನೋಡಿಕೊಂಡು, ಬೋಲ್ಟು ಮುಚ್ಚಿ, ಬಾಯಿಂದ ಒಂದು ಕೋಲು ಇಳಿಸಿ, ತಗುಲಿದಾಗ ಬಾಯಿಯ ಮಟ್ಟಕ್ಕೆ ಗುರುತು ಹಾಕಿ. ಸೆಮಿ ಆಟೊದಲ್ಲಿ, ಕೈಯಿಂದ ಹಿಂದೆಮುಂದೆ ಎಳೆದು ತೋಟಾ ತುಂಬುವ ಪಂಪಿನಲ್ಲೂ, ಬೋಲ್ಟು ಹಿಂದೆ ಸರಿಯಲು ಜಾಗ ಬೇಕು. ಆ ಜಾಗ ನಳಿಗೆಯ ಲೆಕ್ಕಕ್ಕಿಲ್ಲ, ಆದರೆ ಕೋವಿ ಕೈಯಲ್ಲಿ ಹಿಡಿದಾಗ ಇದ್ದೇ ಇದೆ. ಜೋಡು ನಳಿಗೆ ಮಡಚಿ ತೆರೆಯುತ್ತದೆ, ಅದಕ್ಕೆ ಅಂಥ ಜಾಗ ಬೇಡ. ಅಂದರೆ 26ರ ಸೆಮಿ ಆಟೊ ಹಿಡಿದರೆ 28ರ ಜೋಡು ನಳಿಗೆಗಿಂತಲೂ ಸ್ವಲ್ಪ ಉದ್ದದ್ದೇ ಹಿಡಿದ ಹಾಗೆ. ಇದು ಗೊತ್ತಿಲ್ಲದೆ ಎರಡು ವಾರ "ಅವನು 30 ಹೇಳ್ತಾನೆ, ಇವಳು 26 ಹೇಳ್ತಾಳೆ" ಅಂತ ಸುಮ್ನೆ ಒದ್ದಾಡಿದೆ. ಅವನ 30 ಜೋಡು ನಳಿಗೆಯದು, ಇವಳ 26 ಸೆಮಿ ಆಟೊದ್ದು; ಇಬ್ಬರೂ ಹೆಚ್ಚುಕಮ್ಮಿ ಒಂದೇ ಉದ್ದದ ಕೋವಿ ಹೇಳುತ್ತಿದ್ದರು.

ಹಾಗಾದರೆ ಉದ್ದದಿಂದ ಏನೂ ಲಾಭ ಇಲ್ವಾ? ಇದೆ. ಮುಂದಿನ ಭಾರ ಜಾಸ್ತಿ ಇದ್ದರೆ ಕೋವಿ ಹಕ್ಕಿಯ ಹಿಂದೆ ಹರಿದಂತೆ ತಿರುಗುತ್ತದೆ, ಮಧ್ಯದಲ್ಲಿ ಗಕ್ಕನೆ ನಿಲ್ಲುವುದಿಲ್ಲ. ನನ್ನಂಥ ಹೊಸಬರ ಈಡು ಹಕ್ಕಿಯ ಹಿಂದೆ ಹೋಗುವುದು ಹೀಗೆ ನಿಲ್ಲಿಸಿಬಿಡುವುದರಿಂದಲೇ. ತೆರೆದ ನೀರಿನಲ್ಲಿ, ದೂರದಲ್ಲಿ ಅಡ್ಡ ಹಾರುವ ಹಕ್ಕಿಗೆ 28 ಒಳ್ಳೆಯದು. ಗಿಡ್ಡ ನಳಿಗೆಯ ಸದ್ದು ಪಕ್ಕದವರ ಕಿವಿಗೆ ಜೋರಾಗಿ ಬಡಿಯುತ್ತದೆ ಅನ್ನುವುದೂ ಒಂದು ಕಾರಣ.

ಆದರೆ ಇಲ್ಲಿ ಕೂರುವುದು ಗದ್ದೆಯ ಬದುವಿನಲ್ಲಿ ಹೂತ ತೊಟ್ಟಿಯೊಳಗೆ. ತಲೆ ಮೇಲೆ ಹುಲ್ಲು ಹೊದಿಸಿದ ಮುಚ್ಚಳ. ಅದನ್ನು ತಳ್ಳಿ ಎದ್ದು ಕೋವಿ ಭುಜಕ್ಕೆ ತರುವಷ್ಟರಲ್ಲಿ ಉದ್ದ ನಳಿಗೆ ಎಲ್ಲಾದರೂ ತಗುಲುತ್ತದೆ. ಬಾಯಿ ಕೆಸರಿಗೆ ಊರಿತೋ, ಹಾಗೇ ಈಡು ಹೊಡೆದರೆ ನಳಿಗೆ ಸಿಡಿಯಬಹುದು. ಕೋವಿ ಕೆಳಗಿಳಿಸಿ, ಖಾಲಿ ಮಾಡಿ, ನಳಿಗೆಯೊಳಗೆ ನೋಡಿದ ಮೇಲೇ ಮುಂದಿನ ಮಾತು.

ಕೊನೆಗೆ ಸೆಮಿ ಆಟೊದಲ್ಲಿ 26 ತೆಗೆದುಕೊಂಡೆ. ಅಂಗಡಿಗೆ ದಪ್ಪ ಜಾಕೆಟ್ಟು ಹಾಕಿಕೊಂಡು ಹೋಗಿದ್ದೆ, ಜುಲೈ ಬಿಸಿಲಲ್ಲಿ. ಎಲ್ಲರೂ ನಕ್ಕರು. ಆದರೆ 28 ಎರಡು ಸಲ ಕಂಕುಳ ಬಟ್ಟೆಗೆ ಸಿಕ್ಕಿಕೊಂಡಿತು, 26 ಒಂದು ಸಲವೂ ಸಿಕ್ಕಿಕೊಳ್ಳಲಿಲ್ಲ.