ಪದ ಪರಿಚಯ: ಅತಿ-ಫಾಸ್ಫೊರಿಲೇಷನ್

ಪ್ರೋಟೀನಿಗೆ ಫಾಸ್ಫೇಟ್ ಎಂಬ ಪುಟ್ಟ ರಾಸಾಯನಿಕ ಗುಂಪು ಬಂದು ಕೂಡಿಕೊಳ್ಳುವುದಕ್ಕೆ ಫಾಸ್ಫೊರಿಲೇಷನ್ ಎನ್ನುತ್ತಾರೆ. ಅದನ್ನು ಕೂಡಿಸುವ ಕಿಣ್ವಗಳು ಕೈನೇಸ್‌ಗಳು, ಬಿಡಿಸುವವು ಫಾಸ್ಫಟೇಸ್‌ಗಳು. ಯಾವ ಪ್ರೋಟೀನು ಯಾವಾಗ ಕೆಲಸಕ್ಕಿಳಿಯಬೇಕು, ಯಾವಾಗ ಸುಮ್ಮನಿರಬೇಕು ಎಂಬುದು ಬಹುಮಟ್ಟಿಗೆ ಇವೆರಡರ ಸಮತೋಲವನ್ನೇ ನೆಚ್ಚಿಕೊಂಡಿರುವುದರಿಂದ, ಈ ಕ್ರಿಯೆ ತಾನಾಗಿ ರೋಗವಲ್ಲ. ರೋಗದ ಸುಳಿವಿರುವುದು ‘ಅತಿ’ ಎಂಬ ಪೂರ್ವಪದದಲ್ಲಿ.

ಟೌ ಎಂಬ ಪ್ರೋಟೀನನ್ನೇ ನೋಡೋಣ. ನರಕೋಶದ ಉದ್ದನೆಯ ಎಳೆಯೊಳಗೆ ಪೋಷಕಾಂಶಗಳು ಸಾಗಲು ಸೂಕ್ಷ್ಮನಾಳಗಳ ಹಳಿಗಳಿದ್ದು, ಟೌ ಅವುಗಳಿಗೆ ಅಂಟಿಕೊಂಡು ಆಸರೆಯಾಗಿರುತ್ತದೆ. ಮನುಷ್ಯನ ಮಿದುಳಿನ ಅತ್ಯಂತ ಉದ್ದದ ಟೌನಲ್ಲಿ 441 ಅಮೈನೊ ಆಮ್ಲಗಳಿದ್ದು, ಫಾಸ್ಫೇಟ್ ಕೂರಬಹುದಾದ ಸ್ಥಾನಗಳು 85. ಆರೋಗ್ಯವಂತರಲ್ಲಿ ಒಂದು ಟೌ ಅಣುವಿನ ಮೇಲೆ ಸರಾಸರಿ ಎರಡು ಮೂರು ಫಾಸ್ಫೇಟ್‌ಗಳಷ್ಟೇ ಇದ್ದರೆ, ಆಲ್‌ಝೈಮರ್ ರೋಗಿಗಳಲ್ಲಿ ಅದರ ಮೂರು ನಾಲ್ಕು ಪಟ್ಟು ಕಾಣುತ್ತದೆ. ಫಾಸ್ಫೇಟಿನದು ಋಣ ವಿದ್ಯುದಂಶ, ಸೂಕ್ಷ್ಮನಾಳದ ಮೇಲ್ಮೈಯದೂ ಋಣವೇ. ಹೀಗಾಗಿ ಹೊರೆ ಹೆಚ್ಚಿದಂತೆ ಟೌ ಹಿಡಿತ ಸಡಿಲಿಸಿ ಕಳಚಿಕೊಳ್ಳುತ್ತದೆ, ಒಂದಕ್ಕೊಂದು ಹೆಣೆದುಕೊಂಡು ಗಂಟಾಗುತ್ತದೆ. 1906ರಲ್ಲಿ ಅಲೋಯಿಸ್ ಆಲ್‌ಝೈಮರ್ ತಮ್ಮ ರೋಗಿಯೊಬ್ಬರ ಮಿದುಳಿನ ತೆಳುಪದರಕ್ಕೆ ಬೆಳ್ಳಿಯ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಕೆಲವೆಡೆ ಕೋಶವೇ ಅಳಿದು, ಅದಿದ್ದ ಜಾಗದಲ್ಲಿ ಸಿಕ್ಕುಗಟ್ಟಿದ ಎಳೆಗಳ ಕಂತೆಯೊಂದೇ ಉಳಿದಿತ್ತು. ಆ ಕಂತೆಯಲ್ಲಿರುವುದು ಅತಿಯಾಗಿ ಫಾಸ್ಫೇಟ್ ಹೊತ್ತ ಟೌ ಎಂದು ತಿಳಿದದ್ದು 1986ರಲ್ಲಿ.

ಹಾಗಾದರೆ ಕೈನೇಸನ್ನು ತಡೆದರೆ ಸಾಲದೇ? ಟೌಗೆ ಫಾಸ್ಫೇಟ್ ಹೇರುವ ಮುಖ್ಯ ಕಿಣ್ವಗಳಲ್ಲಿ ಜಿಎಸ್‌ಕೆ-3 ಒಂದು. ಅದನ್ನು ತಡೆಯುವ ಟೈಡೆಗ್ಲುಸಿಬ್ ಎಂಬ ಔಷಧವನ್ನು ಆಲ್‌ಝೈಮರ್ ರೋಗಿಗಳ ಮೇಲೆ ಪ್ರಯೋಗಿಸಿದಾಗ ನಿರೀಕ್ಷಿಸಿದ ಫಲ ಸಿಗಲಿಲ್ಲ. ಇಂಥ ಕಿಣ್ವಕ್ಕೆ ಟೌ ಒಂದೇ ಗುರಿಯಲ್ಲ. ದೇಹ ಸಕ್ಕರೆಯನ್ನು ಗ್ಲೈಕೋಜನ್ ಆಗಿ ಕೂಡಿಡುವುದನ್ನು ನಿಯಂತ್ರಿಸುವ ಕೆಲಸವೂ ಅದರದೇ. ಪೂರ್ತಿ ತಡೆದರೆ ಬೇಕಾದ ಕೆಲಸಗಳೂ ಕೆಡುತ್ತವೆ, ಅರೆಬರೆ ತಡೆದರೆ ಟೌನ ಹೊರೆ ಇಳಿಯದೇ ಹೋಗಬಹುದು. ಆದ್ದರಿಂದ ಫಾಸ್ಫೇಟನ್ನು ಬಿಡಿಸುವ ಪಿಪಿ2ಎ ಎಂಬ ಕಿಣ್ವಕ್ಕೆ ಬಲ ತುಂಬುವ ದಾರಿಯನ್ನೂ ಹುಡುಕುತ್ತಿದ್ದಾರೆ. ನನ್ನ ಮಟ್ಟಿಗೆ ಹೆಚ್ಚು ಭರವಸೆ ಹುಟ್ಟಿಸುವುದು ಪಾರ್ಕಿನ್ಸನ್ ರೋಗದ ಒಂದು ಬಗೆ. ಅಲ್ಲಿ ಎಲ್‌ಆರ್‌ಆರ್‌ಕೆ2 ಎಂಬ ವಂಶವಾಹಿಯ ದೋಷದಿಂದ ಒಂದೇ ಕೈನೇಸು ಅತಿ ಚುರುಕಾಗಿರುವುದರಿಂದ, ತಡೆಯಬೇಕಾದದ್ದು ಯಾವುದೆಂಬ ಗೊಂದಲ ಕಡಿಮೆ.

ಈ ‘ಅತಿ’ಯಿಂದ ಹಿಂದಿರುಗಲು ಸಾಧ್ಯವೇ ಎಂಬ ಪ್ರಶ್ನೆಗೆ ಯುರೋಪಿನ ನೆಲ ಅಳಿಲುಗಳು ಒಂದು ಉತ್ತರ ಕೊಡುತ್ತವೆ. ಚಳಿಗಾಲದ ದೀರ್ಘನಿದ್ರೆಯಲ್ಲಿ ಅವುಗಳ ಮಿದುಳಿನ ಟೌ, ಆಲ್‌ಝೈಮರ್‌ನಲ್ಲಿ ಕಾಣುವಂತೆಯೇ ಫಾಸ್ಫೇಟ್ ತುಂಬಿಕೊಳ್ಳುತ್ತದೆ. ಎಚ್ಚರಗೊಂಡಾಗ ಆ ಹೊರೆ ತಾನಾಗಿಯೇ ಇಳಿದುಹೋಗುತ್ತದೆ.