ಫ್ಯಾನಿಗೆ ವಯಸ್ಸಾಗಿಲ್ಲ, ಕಂಡೆನ್ಸರ್ ಸವೆದಿದೆ

"ವೈಂಡಿಂಗ್ ಹೋಗಿದೆ ಸಾರ್, ಹೊಸ ಫ್ಯಾನೇ ತಗೊಂಡ್ಬಿಡಿ." ಕಳೆದ ಬೇಸಿಗೆಯಲ್ಲಿ ನಮ್ಮ ಮನೆಗೆ ಬಂದ ರಿಪೇರಿಯವರು ಹೀಗೆ ಹೇಳಿ ಹೋದರು. ಹದಿನೈದು ವರ್ಷದ ಫ್ಯಾನು. ರೆಗ್ಯುಲೇಟರನ್ನು ಐದಕ್ಕಿಟ್ಟರೂ ಎರಡರ ಗಾಳಿ. ಆದರೆ ಸುಟ್ಟ ವಾಸನೆ ಇರಲಿಲ್ಲ. ಕರಕರ ಸದ್ದಿಲ್ಲ. ಸ್ವಿಚ್ ಆರಿಸಿ ಕೈಯಲ್ಲಿ ತಳ್ಳಿದರೆ ಸಲೀಸಾಗಿ ತಿರುಗುತ್ತಿತ್ತು, ಅಂದರೆ ಬೇರಿಂಗೂ ಚೆನ್ನಾಗಿತ್ತು. ನೂರು ರೂಪಾಯಿಯೊಳಗೆ ಸಿಗುವ ಒಂದು ಕಂಡೆನ್ಸರ್ ಬದಲಾಯಿಸಿದೆ. ಈಗ ಅದರ ಕೆಳಗೆ ಪೇಪರ್ ಓದಲು ಆಗುವುದಿಲ್ಲ, ಹಾಳೆ ಹಾರುತ್ತದೆ.

ಪುಸ್ತಕದಲ್ಲಿ ಕೆಪಾಸಿಟರ್, ಅಂಗಡಿಯಲ್ಲಿ ಕಂಡೆನ್ಸರ್. ನಾನು ಅಂಗಡಿಯ ಹೆಸರನ್ನೇ ಬಳಸುತ್ತೇನೆ. ಫ್ಯಾನಿನ ರಾಡಿನ ಬುಡದಲ್ಲಿರುವ ಬಟ್ಟಲಿನಂಥ ಮುಚ್ಚಳವನ್ನು ಸರಿಸಿದರೆ ಬೆಂಕಿಪೊಟ್ಟಣದಂಥ ಒಂದು ಪುಟ್ಟ ಡಬ್ಬಿ ಕಾಣುತ್ತದೆ. ಅದರ ಮೇಲೆ 2.5 ಅಥವಾ 3.15 ಮೈಕ್ರೋಫ್ಯಾರಡ್ ಎಂದು ಬರೆದಿರುತ್ತದೆ. ಅದು ಎಷ್ಟು ಚಾರ್ಜ್ ಹಿಡಿಯಬಲ್ಲದು ಎಂಬುದರ ಅಳತೆ. "ಅದು ಫ್ಯಾನ್ ಸ್ಟಾರ್ಟ್ ಆಗೋಕೆ ಮಾತ್ರ" ಎಂದು ಬಹಳ ಜನ ನಂಬಿದ್ದಾರೆ. ತಪ್ಪು. ಫ್ಯಾನು ತಿರುಗುವಷ್ಟು ಹೊತ್ತೂ ಅದು ದುಡಿಯುತ್ತಲೇ ಇರುತ್ತದೆ.

ಕಾಲಲ್ಲಿ ತುಳಿಯುವ ಹೊಲಿಗೆ ಮೆಷಿನ್ ನೋಡಿದ್ದೀರಲ್ವಾ? ಹಲಗೆ ಮೇಲೆ ಕೆಳಗೆ ಮಾತ್ರ ಆಡುತ್ತದೆ. ಗಾಲಿ ಯಾವ ಕಡೆಗೆ ತಿರುಗಬೇಕು ಎಂದು ಆ ಮೇಲೆ ಕೆಳಗಿನ ಆಟ ಹೇಳುವುದೇ ಇಲ್ಲ. ಅದಕ್ಕೇ ಟೈಲರ್ ಮೊದಲು ಕೈಯಿಂದ ಗಾಲಿಯನ್ನು ಒಂಚೂರು ತಿರುವುತ್ತಾರೆ. ಮುಂದಕ್ಕೆ ತಿರುವಿದರೆ ಮುಂದಕ್ಕೆ ಓಡುತ್ತದೆ. ಹಿಂದಕ್ಕೆ ತಿರುವಿದರೆ ಹಿಂದಕ್ಕೆ ಓಡಿ ದಾರ ಸಿಕ್ಕಾಗುತ್ತದೆ.

ಮನೆಯ ಸಿಂಗಲ್ ಫೇಸ್ ಕರೆಂಟು ಆ ಹಲಗೆಯ ಹಾಗೆ. ಸೆಕೆಂಡಿಗೆ 50 ಸಲ ಅತ್ತಿತ್ತ ಆಡುತ್ತದೆ, ಸುತ್ತುವುದಿಲ್ಲ. ಕಂಡೆನ್ಸರ್ ಪೂರ್ತಿ ಸತ್ತ ಫ್ಯಾನು ಸುಮ್ನೆ ಗುಂಯ್ ಅನ್ನುತ್ತಾ ನಿಲ್ಲುವುದು ಇದೇ ಕಾರಣಕ್ಕೆ. ದೂರ ನಿಂತು ಉದ್ದನೆಯ ಒಣಕೋಲಿನಿಂದ ರೆಕ್ಕೆಯನ್ನು ಮೆಲ್ಲಗೆ ತಳ್ಳಿ ಕೋಲನ್ನು ತಕ್ಷಣ ಹಿಂದಕ್ಕೆ ತೆಗೆದುಕೊಳ್ಳಿ. ಎಡಕ್ಕೆ ತಳ್ಳಿದರೆ ಎಡಕ್ಕೆ, ಬಲಕ್ಕೆ ತಳ್ಳಿದರೆ ಬಲಕ್ಕೆ ತಿರುಗತೊಡಗಿದರೆ ರೋಗ ಗೊತ್ತಾದಂತೆಯೇ. ಥೇಟ್ ಹೊಲಿಗೆ ಮೆಷಿನ್!

ಉಗಿಬಂಡಿ ಕಟ್ಟಿದವರಿಗೂ ಇದೇ ತಲೆನೋವಿತ್ತು. ಪಿಸ್ಟನ್ ಹಿಂದೆ ಮುಂದೆ ಹೋಗುತ್ತದೆ, ಚಕ್ರ ಸುತ್ತಬೇಕು. ಒಂದೇ ಪಿಸ್ಟನ್ ಇದ್ದರೆ ಅದು ತುದಿ ಮುಟ್ಟಿದ ಗಳಿಗೆಯಲ್ಲಿ ಬಂಡಿ ನಿಂತುಬಿಟ್ಟರೆ ಮತ್ತೆ ಹೊರಡುವುದಿಲ್ಲ. ಅವರು ಎಡಬದಿಗೊಂದು, ಬಲಬದಿಗೊಂದು ಪಿಸ್ಟನ್ ಇಟ್ಟು, ಎರಡರ ನಡುವೆ ಕಾಲು ಸುತ್ತಿನ ಅಂತರ ಕೊಟ್ಟರು. ಒಂದು ಸುಮ್ಮನಾದಾಗ ಇನ್ನೊಂದು ಪೂರ್ತಿ ಬಲದಲ್ಲಿ ತಳ್ಳುತ್ತದೆ. ಫ್ಯಾನಿನ ಹೊಟ್ಟೆಯಲ್ಲೂ ಹೀಗೇ ತಂತಿಯ ಎರಡು ಸುರುಳಿಗಳಿವೆ, ವೈಂಡಿಂಗ್ ಅನ್ನುವುದು ಇವನ್ನೇ. ಎರಡನೆಯ ಸುರುಳಿಯ ಕರೆಂಟನ್ನು ಕಾಲು ಸುತ್ತಿನಷ್ಟು, ಅಂದರೆ ಸುಮಾರು 5 ಮಿಲಿಸೆಕೆಂಡಿನಷ್ಟು ಮುಂದಕ್ಕೆ ಎಳೆಯುವುದೇ ಕಂಡೆನ್ಸರಿನ ಕೆಲಸ.

ಹೇಗೆ ಎಳೆಯುತ್ತದೆ? ತುಂಬಿದ ದೊಡ್ಡ ತೊಟ್ಟಿಗೂ ಖಾಲಿ ಡ್ರಮ್ಮಿಗೂ ನಡುವೆ ಒಂದು ಪೈಪು ಹಾಕಿ ನೋಡಿ. ಡ್ರಮ್ಮು ಖಾಲಿ ಇದ್ದಾಗ ನೀರು ಜೋರಾಗಿ ನುಗ್ಗುತ್ತದೆ. ಎರಡೂ ಸಮಮಟ್ಟಕ್ಕೆ ಬಂದಾಗ ಹರಿವು ನಿಂತಿರುತ್ತದೆ. ಅಂದರೆ ಹರಿವು ಮೊದಲು, ಮಟ್ಟ ಆಮೇಲೆ. ಕಂಡೆನ್ಸರಿನಲ್ಲೂ ಕರೆಂಟು ಮೊದಲು ಬರುತ್ತದೆ, ವೋಲ್ಟೇಜ್ ಹಿಂದೆ ಬರುತ್ತದೆ. ಸುರುಳಿಯ ಸ್ವಭಾವ ಇದಕ್ಕೆ ತದ್ವಿರುದ್ಧ. ಅದು ಭಾರದ ಗಾಡಿ ಇದ್ದಂತೆ, ತಳ್ಳಿದ ಮೇಲೆ ನಿಧಾನಕ್ಕೆ ಹೊರಡುತ್ತದೆ. ಒಂದು ಹಿಂದುಳಿಯುತ್ತದೆ, ಇನ್ನೊಂದು ಮುಂದೋಡುತ್ತದೆ. ಆ ಅಂತರದಲ್ಲಿ ಸುರುಳಿಗಳ ಕಾಂತಕ್ಷೇತ್ರ ಸುತ್ತತೊಡಗುತ್ತದೆ, ಫ್ಯಾನನ್ನೂ ತನ್ನ ಜೊತೆ ಸುತ್ತಿಸುತ್ತದೆ.

ಕಾಂತಕ್ಷೇತ್ರವನ್ನೇ ಸುತ್ತಿಸಬಹುದು ಎಂಬುದು ಎಂಥ ಸೊಗಸಾದ ಯೋಚನೆ! ಇಟಲಿಯ ಟ್ಯೂರಿನ್ನಿನ ವಿಜ್ಞಾನಿ ಗೆಲಿಲಿಯೋ ಫೆರಾರಿಸ್ 1885ರಲ್ಲಿ ಅದನ್ನು ಮಾಡಿ ತೋರಿಸಿದರು. ನಿಕೋಲಾ ಟೆಸ್ಲಾ ತಮ್ಮದೇ ದಾರಿಯಲ್ಲಿ ಅಲ್ಲಿಗೆ ತಲುಪಿ 1888ರ ಮೇ 1ರಂದು ಅಮೆರಿಕದ ಪೇಟೆಂಟ್‌ಗಳನ್ನು ಪಡೆದರು. ಅದಾಗಿ ಹದಿನಾಲ್ಕೇ ವರ್ಷಕ್ಕೆ, 1902ರಲ್ಲಿ, ಶಿವನಸಮುದ್ರದ ಕರೆಂಟು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ನಮ್ಮ ರೈತರಿಗೆ ಈ ವಿಜ್ಞಾನ ಹೊಸದಲ್ಲ. "ತ್ರೀ ಫೇಸ್ ಯಾವಾಗ ಕೊಡ್ತಾರೆ?" ಎಂದು ಕೇಳುವ ಪಂಪ್‌ಸೆಟ್ಟಿನ ರೈತನಿಗೆ ಸುತ್ತುವ ಕಾಂತಕ್ಷೇತ್ರ ಬೇಕಾಗಿದೆ. ಮೂರು ಫೇಸ್ ಇದ್ದರೆ ಅದು ತಾನಾಗಿ ಸಿಗುತ್ತದೆ. ಮನೆಗೆ ಬರುವುದು ಒಂದೇ ಆದ್ದರಿಂದ ಕಂಡೆನ್ಸರಿನಿಂದ ಎರಡನೆಯದನ್ನು ನಾವೇ ಹುಟ್ಟಿಸಿಕೊಳ್ಳುತ್ತೇವೆ.

ಹಾಗಾದರೆ ಫ್ಯಾನು ಒಂದೇ ದಿನ ಕೈಕೊಡುವ ಬದಲು ವರ್ಷಗಟ್ಟಲೆ ನಿಧಾನವಾಗುತ್ತಾ ಬರುವುದೇಕೆ? ನನಗೆ ಬಹಳ ಇಷ್ಟವಾದ ಭಾಗ ಇದೇ. ಕಂಡೆನ್ಸರಿನೊಳಗೆ ಕೂದಲಿನ ಹತ್ತನೇ ಒಂದು ಭಾಗದಷ್ಟು ತೆಳುವಾದ ಪ್ಲಾಸ್ಟಿಕ್ ಹಾಳೆಯ ಸುರುಳಿ ಇದೆ. ಅದರ ಮೇಲೆ ಬರ್ಫಿಗೆ ಅಂಟಿಸುವ ಬೆಳ್ಳಿಹಾಳೆಗಿಂತಲೂ ತೆಳುವಾದ ಲೋಹದ ಲೇಪ. ವೋಲ್ಟೇಜ್ ಏರಿದಾಗ ಹಾಳೆಯ ದುರ್ಬಲ ಜಾಗದಲ್ಲಿ ತೂತು ಬೀಳುತ್ತದೆ. ಅಲ್ಲೊಂದು ಕಿಡಿ ಹಾರುತ್ತದೆ. ಆ ಕಿಡಿಯ ಶಾಖಕ್ಕೆ ತೂತಿನ ಸುತ್ತಲಿನ ಲೋಹ ಆವಿಯಾಗಿ ಹೋಗುತ್ತದೆ. ಲೋಹ ಇಲ್ಲದ ಮೇಲೆ ಕರೆಂಟು ಹರಿಯುವುದೆಲ್ಲಿಂದ? ಶಾರ್ಟ್ ಅಲ್ಲಿಗೇ ನಿಂತಿತು. ಗಾಯ ತಾನೇ ವಾಸಿಯಾಯಿತು.

ಬಂಡೀಪುರದಲ್ಲಿ ಬೇಸಿಗೆಗೆ ಮುಂಚೆ ಬೆಂಕಿರೇಖೆ ಎಳೆಯುತ್ತಾರಲ್ಲ, ಹಾಗೆ. ಒಂದಿಷ್ಟು ಜಾಗ ಬೋಳು ಮಾಡಿ ಕಾಡು ಉಳಿಸುವುದು. ಆದರೆ ಕಾಡಿನ ಹುಲ್ಲು ಮಳೆಗೆ ಮತ್ತೆ ಚಿಗುರುತ್ತದೆ, ಇಲ್ಲಿನ ಲೋಹ ಚಿಗುರುವುದಿಲ್ಲ. ಪ್ರತಿ ಗಾಯಕ್ಕೂ ಲೇಪದ ವಿಸ್ತಾರ ಒಂದು ಚುಕ್ಕಿಯಷ್ಟು ಕಡಿಮೆ. ವಿಸ್ತಾರ ಕಡಿಮೆಯಾದರೆ ಮೈಕ್ರೋಫ್ಯಾರಡ್ಡೂ ಕಡಿಮೆ. ಒಳಗೆ ತೇವ ಸೇರಿದರೆ ಲೋಹ ಸವೆಯುವುದು ಇನ್ನೂ ಜಾಸ್ತಿ. ನನ್ನ ಫ್ಯಾನಿನ ಡಬ್ಬಿಯ ಮೇಲೆ 2.5 ಎಂದಿತ್ತು, ಮಲ್ಟಿಮೀಟರ್ 1.4 ತೋರಿಸಿತು. ಎರಡನೆಯ ಪಿಸ್ಟನ್ನಿಗೆ ಅರ್ಧ ಉಗಿ ಕೊಟ್ಟ ಹಾಗೆ.

ನೀವೇ ಬದಲಾಯಿಸುವುದಾದರೆ ಸ್ವಿಚ್ ಆರಿಸಿದರೆ ಸಾಲದು, ಮನೆಯ ಕರೆಂಟ್ ಬೋರ್ಡಿನಲ್ಲಿರುವ ಎಂಸಿಬಿಯನ್ನೇ ಇಳಿಸಿ. ಹಳೆಯ ಕಂಡೆನ್ಸರಿನಲ್ಲಿ ಚಾರ್ಜ್ ಉಳಿದಿರಬಹುದು. ಹಳೇ ಕಾಲದ ಫಿಲಮೆಂಟ್ ಬಲ್ಬನ್ನು ಕರೆಂಟಿಗೆ ಜೋಡಿಸದ ಬಿಡಿ ಹೋಲ್ಡರಿಗೆ ಹಾಕಿ, ಹೋಲ್ಡರಿನ ಎರಡು ತಂತಿಗಳಿಗೆ ಕಂಡೆನ್ಸರಿನ ಎರಡು ತಂತಿಗಳನ್ನು ಮುಟ್ಟಿಸಿದರೆ ಖಾಲಿಯಾಗುತ್ತದೆ. ಬಿಚ್ಚುವ ಮೊದಲು ಜೋಡಣೆಯ ಫೋಟೋ ತೆಗೆಯಿರಿ. ಬಿಎಲ್‌ಡಿಸಿ, ಅಂದರೆ ಬ್ರಷ್ ಇಲ್ಲದ ಡಿಸಿ ಮೋಟಾರಿನ ಫ್ಯಾನುಗಳಿಗೆ ಈ ಉಪಾಯ ನಡೆಯದು. ಅದರೊಳಗಿರುವುದು ಬೇರೆಯೇ ಸರ್ಕ್ಯೂಟ್.

ಇಂಟರ್ನೆಟ್ಟಿನಲ್ಲಿ ಇದನ್ನೆಲ್ಲ ಕಲಿಯಬಹುದು. ಆದರೆ ಒಳ್ಳೆಯದನ್ನು ಆಯ್ದು ನೋಡಬೇಕು. ಮೋಟಾರಿನ ತತ್ವ ಆಳವಾಗಿ ತಿಳಿಯಬೇಕೆಂದರೆ ಎನ್‌ಪಿಟೆಲ್‌ನಲ್ಲಿ ಐಐಟಿ ಪ್ರಾಧ್ಯಾಪಕರ ಪಾಠಗಳೇ ಉಚಿತವಾಗಿ ಸಿಗುತ್ತವೆ. ಫೋನು, ಲ್ಯಾಪ್‌ಟಾಪ್ ಬಿಚ್ಚುವುದಾದರೆ 2003ರಲ್ಲಿ ಶುರುವಾದ ಐಫಿಕ್ಸಿಟ್‌ನಲ್ಲಿ ಒಂದೊಂದು ಸ್ಕ್ರೂವಿಗೂ ಚಿತ್ರ ಇದೆ. ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ರೈಟ್ ಟು ರಿಪೇರ್ ಪೋರ್ಟಲ್ ತೆರೆದಿದೆ. ಕಂಪನಿಗಳ ರಿಪೇರಿ, ಬಿಡಿಭಾಗಗಳ ವಿವರವನ್ನು ಅಲ್ಲಿ ಹುಡುಕಬಹುದು.

ನನಗೆ ಸಿಟ್ಟು ಬರುವುದು "2.5 ತೆಗೆದು 4 ಹಾಕಿ, ಗಾಳಿ ಡಬಲ್" ಎನ್ನುವ ವಿಡಿಯೋಗಳನ್ನು ಕಂಡಾಗ. ದೊಡ್ಡದು ಹಾಕಿದರೆ ಎರಡನೆಯ ಸುರುಳಿಗೆ ಬೇಕಾದ್ದಕ್ಕಿಂತ ಹೆಚ್ಚು ಕರೆಂಟು ಹೋಗುತ್ತದೆ. ಗಾಳಿ ಡಬಲ್ ಆಗುವುದಿಲ್ಲ, ಮೋಟಾರು ಬಿಸಿಯಾಗುತ್ತದೆ. ಡಬ್ಬಿಯ ಮೇಲಿನ ಅಂಕಿಯನ್ನೇ ಕೇಳಿ ತನ್ನಿ, ವೋಲ್ಟೇಜ್ 440 ಎಂದಿದ್ದರೆ 440ರದ್ದೇ. ಇನ್ನೊಂದು ಮೋಸ, ಪ್ಲಗ್ಗಿಗೆ ಸಿಕ್ಕಿಸಿದರೆ ಬಿಲ್ ಅರ್ಧ ಆಗುತ್ತದೆಂದು ಮಾರುವ ಪವರ್ ಸೇವರ್ ಡಬ್ಬಿ. ಅದರೊಳಗೆ ಹೆಚ್ಚೆಂದರೆ ಇಂಥದ್ದೇ ಒಂದು ಕಂಡೆನ್ಸರ್ ಮತ್ತು ಒಂದು ಹಸಿರು ದೀಪ ಇರುತ್ತದೆ. ಮನೆಯ ಮೀಟರ್ ಎಣಿಸುವುದು ನಿಜವಾಗಿ ಖರ್ಚಾದ ಶಕ್ತಿಯನ್ನು. ಕಂಡೆನ್ಸರ್ ಅದನ್ನು ಒಂದು ಯೂನಿಟ್ಟೂ ಇಳಿಸದು. ದಯವಿಟ್ಟು ಕೊಳ್ಳಬೇಡಿ.

ನನ್ನ ಹಳೆಯ ಕಂಡೆನ್ಸರನ್ನು ನಾನು ಎಸೆಯಲಿಲ್ಲ. ಚಾರ್ಜ್ ಖಾಲಿ ಮಾಡಿ, ಡಬ್ಬಿ ಒಡೆದು, ಸುರುಳಿ ಬಿಚ್ಚಿದೆ. ಕನ್ನಡಿಯಂತೆ ಹೊಳೆಯುವ ಹಾಳೆ ಮೀಟರುಗಟ್ಟಲೆ ಬಂತು. ಮಗಳು ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಲೋಹ ಹಾರಿಹೋದ ಕಡೆಯಲ್ಲೆಲ್ಲ ಬೆಳಕು ತೂರಿ ಬರುತ್ತಿತ್ತು, ಸಾಸಿವೆಗಿಂತ ಸಣ್ಣ ಸಣ್ಣ ಚುಕ್ಕಿಗಳು. ಅವಳು ನೂರರವರೆಗೆ ಎಣಿಸಿದಳು, ಹಾಳೆ ಇನ್ನೂ ಅರ್ಧ ಉಳಿದಿತ್ತು.