ಭೂಮಿಯ ತೂಕ ಗೊತ್ತಾಗಿದ್ದು ಹೇಗೆ?

ಪ್ರಶ್ನೆ: ಭೂಮಿಯನ್ನು ತಕ್ಕಡಿಗೆ ಹಾಕೋಕಂತೂ ಆಗಲ್ಲ. ಮತ್ತೆ ಅದರ ತೂಕ ಇಷ್ಟೇ ಅಂತ ಹೇಗೆ ಕಂಡುಹಿಡಿದರು?

ಉತ್ತರ: ಸೀಸದ ನಾಲ್ಕು ಗುಂಡುಗಳಿಂದ! ಇಂಗ್ಲೆಂಡಿನ ಹೆನ್ರಿ ಕ್ಯಾವೆಂಡಿಶ್ 1797–98ರಲ್ಲಿ, ಅರವತ್ತೈದು ದಾಟಿದ ಮೇಲೆ, ಲಂಡನ್ ಪಕ್ಕದ ಕ್ಲಾಫಮ್‌ನಲ್ಲಿದ್ದ ತನ್ನ ಮನೆಯಲ್ಲೇ ಈ ಪ್ರಯೋಗ ಮಾಡಿದ. ಉಪಾಯ ಅವನದ್ದಲ್ಲ, ಜಾನ್ ಮಿಚೆಲ್ ಎಂಬ ಪಾದ್ರಿಯದ್ದು. ಪ್ರಯೋಗ ಮಾಡುವ ಮೊದಲೇ ಮಿಚೆಲ್ ತೀರಿಕೊಂಡಿದ್ದ.

ಆರು ಅಡಿ ಉದ್ದದ ಮರದ ಕೋಲನ್ನು ತೆಳು ತಂತಿಯಿಂದ ಅಡ್ಡಲಾಗಿ ನೇತುಹಾಕಿ, ಎರಡೂ ತುದಿಗೆ ಮುಕ್ಕಾಲು ಕಿಲೋದಷ್ಟು ತೂಗುವ ಚಿಕ್ಕ ಗುಂಡು ಕಟ್ಟಿದ. ಅವುಗಳ ಹತ್ತಿರಕ್ಕೆ ತಲಾ ಸುಮಾರು 158 ಕಿಲೋದ ಎರಡು ದೊಡ್ಡ ಗುಂಡು ತಂದ. ಗುರುತ್ವಾಕರ್ಷಣೆಯಿಂದ ದೊಡ್ಡದು ಚಿಕ್ಕದನ್ನು ಎಳೆಯುತ್ತದೆ, ತಂತಿ ತಿರುಚಿಕೊಳ್ಳುತ್ತದೆ. ಆದರೆ ಆ ಸೆಳೆತ ಎಷ್ಟು ಗೊತ್ತಾ? ಚಿಕ್ಕ ಗುಂಡಿನ ತೂಕದ ಐದು ಕೋಟಿಯಲ್ಲಿ ಒಂದು ಪಾಲು! ಪಕ್ಕದಲ್ಲಿ ಸುಮ್ನೆ ನಿಂತರೂ ಸಾಕು, ನಮ್ಮ ಮೈಯ ಬಿಸಿಗೆ ಗಾಳಿ ಅಲುಗಿ ಲೆಕ್ಕ ಕೆಡುತ್ತದೆ. ಅದಕ್ಕೇ ಇಡೀ ಉಪಕರಣವನ್ನು ಕೋಣೆಯೊಳಗೆ ಮುಚ್ಚಿಟ್ಟ. ದೊಡ್ಡ ಗುಂಡುಗಳನ್ನು ಹೊರಗಿನಿಂದಲೇ ಜರುಗಿಸಿದ. ಗೋಡೆಗೆ ಕೂರಿಸಿದ ದೂರದರ್ಶಕದಲ್ಲಿ ಕಣ್ಣಿಟ್ಟು ಅಳತೆ ಬರೆದುಕೊಂಡ. ನನಗೆ ಅವನ ಉತ್ತರಕ್ಕಿಂತ ಈ ಎಚ್ಚರವೇ ಜಾಸ್ತಿ ಇಷ್ಟ.

ಜಲಜನಕವನ್ನು ಬೇರೆಯೇ ಒಂದು ಅನಿಲ ಅಂತ 1766ರಲ್ಲಿ ತೋರಿಸಿಕೊಟ್ಟವನೂ ಇವನೇ. ಗಾಳಿಯಲ್ಲಿನ ಆಮ್ಲಜನಕ, ಸಾರಜನಕವನ್ನೆಲ್ಲ ತೆಗೆದರೂ ಪುಟ್ಟದೊಂದು ಗುಳ್ಳೆ ಉಳಿಯುತ್ತದೆ ಎಂದು 1785ರಲ್ಲಿ ಬರೆದಿಟ್ಟ. ಅದು ಆರ್ಗಾನ್ ಎಂಬ ಅನಿಲ ಅಂತ ಗೊತ್ತಾಗಿದ್ದು 1894ರಲ್ಲಿ! ಅಷ್ಟು ಚಿಕ್ಕದನ್ನೂ ಬಿಡದವನಿಗೇ ಈ ಅಳತೆ ದಕ್ಕಿತು.

ಇನ್ನು ಲೆಕ್ಕಕ್ಕೆ ಬರೋಣ. ಚಿಕ್ಕ ಗುಂಡನ್ನು ದೊಡ್ಡ ಗುಂಡು ಎಷ್ಟು ಎಳೆಯುತ್ತದೆ ಎಂಬುದು ತಂತಿಯ ತಿರುಚಿನಿಂದ ಸಿಕ್ಕಿತು. ಅದೇ ಗುಂಡನ್ನು ಭೂಮಿ ಎಷ್ಟು ಎಳೆಯುತ್ತದೆ? ಅದು ಗುಂಡಿನ ತೂಕವೇ ಅಲ್ವಾ! ದೊಡ್ಡ ಗುಂಡಿನ ತೂಕ ಗೊತ್ತು, ಭೂಮಿಯ ಗಾತ್ರವೂ ಗೊತ್ತಿತ್ತು. ಎರಡೂ ಸೆಳೆತಗಳನ್ನು ಹೋಲಿಸಿದಾಗ, ಅಷ್ಟೇ ಗಾತ್ರದ ನೀರಿಗಿಂತ ಭೂಮಿ 5.48 ಪಟ್ಟು ಭಾರ ಎಂದು ಬಂತು. ಇವತ್ತಿನ ಅಳತೆ 5.51. ಕಿಲೋದಲ್ಲಿ ಹೇಳುವುದಾದರೆ, ಸುಮಾರು 6ರ ಮುಂದೆ 24 ಸೊನ್ನೆ.

ನಮ್ಮ ಕಾಲಡಿಯ ಬಂಡೆಗಳು ನೀರಿಗಿಂತ ಎರಡೂವರೆ, ಮೂರು ಪಟ್ಟಷ್ಟೇ ಭಾರ. ಅಂದರೆ ಆಳದಲ್ಲಿ ಇನ್ನೂ ಭಾರವಾದದ್ದೇನೋ ಇರಲೇಬೇಕು. ಅದು ಹೆಚ್ಚಾಗಿ ಕಬ್ಬಿಣ ಎಂಬುದು ಈಗ ನಮಗೆ ಗೊತ್ತು.